ಪ್ರಯಾಗಕ್ಕೆಂದು ಬೆಳೆಸಿದ ಜಡೆ

ಜರಗನಹಳ್ಳಿಯ ಮುನಿರತ್ನಮ್ಮನಿಗೆ ಕಾಶಿಯ ಹುಚ್ಚು ಹಿಡಿದದ್ದು ತೊಂಬತ್ತೈದನೇ ಇಸವಿಯಲ್ಲಿ. ಊರಿನವರು ಅದಕ್ಕೆ ಭಕ್ತಿ ಅಂತ ಮರ್ಯಾದೆಯ ಹೆಸರು ಕೊಟ್ಟರು, ಕೊಡಲಿ ಬಿಡಿ. ವಿಶ್ವನಾಥನ ಮೇಲೆ ಆಕೆಗೆ ಭಕ್ತಿ ಇರಲಿಲ್ಲವೆಂದಲ್ಲ, ಬೇಕಾದಷ್ಟಿತ್ತು. ಆದರೆ ಕಾಶಿಗೆ ಹೋಗಲೇಬೇಕು ಅನ್ನಿಸಿದ್ದು ಬೇರೆಯದೇ ಕಾರಣಕ್ಕೆ. ಆ ಕಾರಣವನ್ನು ಆಕೆ ಏಳು ವರ್ಷ ಗಂಡನ ಮುಂದೆ ಬಾಯಿ ಬಿಡಲಿಲ್ಲ.

ಗಂಡ ಶಾಮಣ್ಣ ಕೆಟ್ಟವನಲ್ಲ. ಜೆ.ಪಿ. ನಗರ ಅನ್ನುವ ಹೆಸರೇ ಇಲ್ಲದ ಕಾಲದಲ್ಲಿ ಅಲ್ಲಿ ರಾಗಿ ಬೆಳೆದವನು; ಹೊಲವೆಲ್ಲ ಸೈಟುಗಳಾದ ಮೇಲೆ ಉಳಿದ ಜಾಗದಲ್ಲಿ ನಾಲ್ಕು ಬಾಡಿಗೆ ಮನೆ ಕಟ್ಟಿಸಿ, ಕನಕಪುರ ರಸ್ತೆಯಲ್ಲಿ ಸಿಮೆಂಟು ಕಬ್ಬಿಣದ ಅಂಗಡಿ ಇಟ್ಟವನು. ಕುಡಿಯುವುದಿಲ್ಲ, ಕೈ ಎತ್ತಿದವನಲ್ಲ. ಆದರೆ ಹೆಂಡತಿಯ ಜೊತೆ ಹೊರಟರೆ ಹತ್ತು ಹೆಜ್ಜೆ ಮುಂದೆ ನಡೆಯುತ್ತಿದ್ದ. ಬಸ್ಸಿನಲ್ಲಿ ಆಕೆ ಮುಂದಿನ ಬಾಗಿಲಲ್ಲಿ ಹತ್ತಿದರೆ ಅವನು ಹಿಂದಿನ ಬಾಗಿಲಲ್ಲಿ ಹತ್ತಬೇಕು, ಇಳಿದ ಮೇಲೆ ಆಕೆ ಇಳಿದಳೋ ಇಲ್ಲವೋ ಅಂತ ಒಂದು ಸಲ ತಿರುಗಿ ನೋಡಿದರೆ ಅದೇ ದೊಡ್ಡದು. ಮದುವೆಯಾಗಿ ಮೂವತ್ತು ವರ್ಷವಾದರೂ ಹೆಂಡತಿಯನ್ನು ಕರೆಯಬೇಕಾದರೆ ‘ಏಯ್’ ಅನ್ನುತ್ತಿದ್ದ, ಬೀಗರು ಬಿಜ್ಜರು ಬಂದಾಗ ಮಗಳ ಹೆಸರು ಹಿಡಿದು ‘ಸೌಮ್ಯನ ಅಮ್ಮ’ ಅನ್ನುತ್ತಿದ್ದ. ಅವನ ಅಪ್ಪನೂ ಹಾಗೇ, ಅವನ ತಾತನೂ ಹಾಗೇ. ಆ ಕೇರಿಯ ಗಂಡಸರೆಲ್ಲ ಹೆಚ್ಚುಕಡಿಮೆ ಹಾಗೇ.

ಮುನಿರತ್ನಮ್ಮನ ಜಡೆ ಮಾತ್ರ ಆ ಕೇರಿಯಲ್ಲಿ ಇನ್ನೊಬ್ಬರಿಗಿರಲಿಲ್ಲ. ಐವತ್ತರ ಹತ್ತಿರ ಬಂದರೂ ಮೊಣಕಾಲು ಮುಟ್ಟುತ್ತಿತ್ತು. ಶನಿವಾರ ಎಣ್ಣೆ ಹಚ್ಚಿ, ಸೀಗೆಕಾಯಿ ಹಾಕಿ ನೀರು ಹಾಕಿಕೊಂಡು, ಮಹಡಿಯ ಮೇಲೆ ಬಿಸಿಲಿಗೆ ಬೆನ್ನು ಕೊಟ್ಟು ಕೂತರೆ, ಬಾಡಿಗೆ ಮನೆಯ ಹೆಣ್ಣುಮಕ್ಕಳು ಬಟ್ಟೆ ಒಣಹಾಕುವ ನೆಪ ಮಾಡಿಕೊಂಡು ಬಂದು ನೋಡುತ್ತಿದ್ದರು. ‘ಏನ್ ಹಚ್ತೀರ ಆಂಟಿ?’ ಅಂತ ಕೇಳುತ್ತಿದ್ದರು. ಆಕೆಯೂ ನಗುತ್ತ ಹರಳೆಣ್ಣೆ, ಮೆಂತ್ಯ ಅಂತ ಏನೋ ಒಂದು ಹೇಳಿ, ಅವರು ಇಳಿದು ಹೋದಮೇಲೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಿದ್ದಳು. ಆ ಜಡೆಯನ್ನು ನೋಡದೆ ಇದ್ದವನು ಇಡೀ ಜರಗನಹಳ್ಳಿಗೆ ಒಬ್ಬನೇ. ಮೂವತ್ತು ವರ್ಷದಲ್ಲಿ ಅವನು ಅದರ ಬಗ್ಗೆ ಆಡಿದ್ದು ಒಂದೇ ಮಾತು: ‘ಸಾರಿನಲ್ಲಿ ಕೂದಲು ಬಂದೈತೆ.’

ಹುಚ್ಚು ಹಿಡಿಸಿದವರು ಮಹಡಿ ಮನೆಯಲ್ಲಿ ಬಾಡಿಗೆಗಿದ್ದ ಕಮಲಾದೇವಿ. ರಿಟೈರಾದ ಸ್ಕೂಲ್ ಟೀಚರು. ಅವರೂ ಅವರ ಯಜಮಾನರೂ ಆ ವರ್ಷ ಕಾಶಿಯಾತ್ರೆ ಮುಗಿಸಿ ಬಂದು, ಬಾಯಿ ಮುಚ್ಚಿದ ಪುಟ್ಟ ತಾಮ್ರದ ಗಿಂಡಿಯಲ್ಲಿ ಗಂಗೆ, ಒಂದು ಕಪ್ಪು ದಾರ, ಪ್ರಸಾದ ಎಲ್ಲ ತಂದುಕೊಟ್ಟರು. ಮಧ್ಯಾಹ್ನ ಮುನಿರತ್ನಮ್ಮ ಅವರೆಕಾಯಿ ಬಿಡಿಸುತ್ತ ಕೂತಿದ್ದಾಗ ತಾವೂ ಒಂದು ಹಿಡಿ ಎಳೆದುಕೊಂಡು ಶುರುಮಾಡಿದರು.

‘ವಿಶ್ವನಾಥನ ಗಲ್ಲಿ ಅಂದ್ರೆ ನಿಮ್ಮನೆ ಪ್ಯಾಸೇಜಿಗಿಂತ ಒಂದು ಚೂರು ಅಗಲ ಅಷ್ಟೇ ರತ್ನಮ್ಮ. ಅದರಲ್ಲೇ ಜನ, ಅದರಲ್ಲೇ ಬಸವ, ಅದರಲ್ಲೇ ಹಾಲಿನವನು. ಮೊದ್ಲು ಢುಂಢಿರಾಜ ಗಣಪತಿಗೆ ಕೈ ಮುಗಿದು ಒಳಗೆ ಹೋಗ್ಬೇಕು. ಲಿಂಗ ನಮ್ಮ ಕಡೆ ಥರ ದೂರ ನಿಂತು ನೋಡೋದಲ್ಲ, ನಾವೇ ಬಗ್ಗಿ, ಮುಟ್ಟಿ, ನೀರು ಹಾಕ್ಬಹುದು. ಪಕ್ಕದಲ್ಲೇ ಅನ್ನಪೂರ್ಣೆ. ಇನ್ನೊಂದು ಗಲ್ಲೀಲಿ ವಿಶಾಲಾಕ್ಷಿ. ಕಾಲಭೈರವನ ಗುಡೀಲಿ ನವಿಲುಗರಿ ಕಟ್ಟಿನಲ್ಲಿ ಬೆನ್ನಿಗೊಂದು ಏಟು ಕೊಟ್ಟು ಈ ದಾರ ಕಟ್ತಾರೆ, ಮಾಡಿದ್ ಪಾಪಕ್ಕೆಲ್ಲ ಅಷ್ಟೇ ಶಿಕ್ಷೆ ನೋಡಿ!’

‘ಅಷ್ಟೇನಾ? ಹಂಗಾದ್ರೆ ನಮ್ಮನೆಯವ್ರನ್ನ ಒಂದ್ಸಲ ಕರ್ಕೊಂಡೋಗ್ಬೇಕು,’ ಅಂದಳು ಮುನಿರತ್ನಮ್ಮ. ಇಬ್ಬರೂ ನಕ್ಕರು.

ಆಮೇಲೆ ಕಮಲಾದೇವಿ ಪ್ರಯಾಗದ ಮಾತಿಗೆ ಬಂದರು. ಕಾಶಿಗೆ ಹೋದವರು ಪ್ರಯಾಗಕ್ಕೂ ಹೋಗುತ್ತಾರೆ, ಗಂಗೆ ಯಮುನೆ ಕೂಡುವ ಜಾಗದಲ್ಲಿ ದೋಣಿಯಲ್ಲಿ ಹೋಗಿ ಸ್ನಾನ ಮಾಡುತ್ತಾರೆ. ಅಲ್ಲಿ ಮುತ್ತೈದೆಯರಿಗೆ ವೇಣೀದಾನ ಅಂತ ಒಂದು ಪದ್ಧತಿ. ದೋಣಿಯಲ್ಲೇ ಗಂಡ ಕೂತುಕೊಳ್ಳಬೇಕು, ಹೆಂಡತಿ ಅವನಿಗೆ ಬೆನ್ನು ಮಾಡಿ ಮುಂದೆ ಕೂರಬೇಕು. ಗಂಡ ತನ್ನ ಕೈಯಾರೆ ಆಕೆಯ ತಲೆ ಬಾಚಬೇಕು, ಜಡೆ ಹೆಣೆಯಬೇಕು, ಹೂ ಮುಡಿಸಬೇಕು. ಕಡೆಗೆ ಜಡೆಯ ತುದಿಯಲ್ಲಿ ಎರಡು ಬೆರಳಷ್ಟು ಕತ್ತರಿಸಿ ಅರಿಶಿನ ಕುಂಕುಮದ ಜೊತೆ ನೀರಿಗೆ ಬಿಡಬೇಕು.

‘ನಮ್ಮೆಜಮಾನ್ರಿಗೆ ಮೂರು ಕಾಲು ಹಾಕಿ ಹೆಣೆಯೋದೇ ಗೊತ್ತಿಲ್ಲ ರೀ! ಎರಡು ಕಾಲು ಸೇರಿಸಿ ಹಗ್ಗದ ಥರ ತಿರುಚ್ತಾ ಇದ್ರು. ದೋಣೀಲಿದ್ದೋರೆಲ್ಲ ನಕ್ಕಿದ್ದೇ ನಕ್ಕಿದ್ದು. ನನಗೆ ಮೊದ್ಲು ನಾಚಿಕೆ ಆಯ್ತು. ಆಮೇಲೆ ಅಳು ಬಂದ್‌ಬಿಡ್ತು. ನಮ್ಮಮ್ಮ ಹೋದ್ಮೇಲೆ ನನ್ನ ತಲೆ ಬಾಚಿದೋರು ಯಾರಿದಾರೆ ಹೇಳಿ? ಬೇರೆ ಕಡೆ ಕೂದಲು ನೀರಿನ ಮೇಲೆ ತೇಲುತ್ತಂತೆ, ಅಲ್ಲಿ ಮಾತ್ರ ಸೀದಾ ತಳಕ್ಕೆ ಹೋಗುತ್ತೆ. ನಾನೇ ಕಣ್ಣಾರೆ ನೋಡಿದೆ.’

‘ಅಷ್ಟೂ ಜನದ ಮುಂದೇನಾ?’ ಅಂತ ಕೇಳಿದಳು ಮುನಿರತ್ನಮ್ಮ.

‘ಶಾಸ್ತ್ರ ಅಲ್ವಾ? ಮಾಡ್ಲೇಬೇಕು. ಯಾವ ಗಂಡಸೂ ಇಲ್ಲ ಅನ್ನೋ ಹಾಗಿಲ್ಲ.’

ಯಾವ ಗಂಡಸೂ ಇಲ್ಲ ಅನ್ನುವ ಹಾಗಿಲ್ಲ! ಮುನಿರತ್ನಮ್ಮನ ಕೈಯಲ್ಲಿದ್ದ ಅವರೆಕಾಯಿ ಕೈಯಲ್ಲೇ ಉಳಿಯಿತು. ಮನೆಯಲ್ಲಿ ಎತ್ತು ಇದ್ದ ಕಾಲದಲ್ಲಿ ಶಾಮಣ್ಣ ಜಗಲಿಯ ಮೇಲೆ ಕೂತು ಬಾರುಕೋಲಿಗೆ ತೊಗಲಿನ ಬಾರು ಹೆಣೆಯುತ್ತಿದ್ದುದನ್ನು ಆಕೆ ನೋಡಿದ್ದಳು. ಮೂರು ಎಳೆ, ಒಂದು ಎಳೆಯೂ ಸಡಿಲ ಬೀಳದಂತೆ, ನಾಲಗೆ ಹಲ್ಲಿನ ನಡುವೆ ಕಚ್ಚಿಕೊಂಡು, ಲೋಕವನ್ನೇ ಮರೆತು. ಹೊಸದಾಗಿ ಮದುವೆಯಾಗಿ ಬಂದಿದ್ದ ಆಕೆ ಬಾಗಿಲ ಮರೆಯಲ್ಲಿ ನಿಂತು, ಅಯ್ಯೋ, ಆ ಎತ್ತಿಗಿರುವ ಪುಣ್ಯ ನನಗಿಲ್ಲವಲ್ಲ ಅಂದುಕೊಂಡಿದ್ದಳು. ಅಂಥದ್ದನ್ನೆಲ್ಲ ಮರೆತು ಎಷ್ಟೋ ವರ್ಷವಾಗಿತ್ತು. ಅವತ್ತು ಸಾಯಂಕಾಲ ಮುದ್ದೆ ತಿರುವುತ್ತ ಅದೆಲ್ಲ ನೆನಪಾಗಿ ಕಣ್ಣಲ್ಲಿ ನೀರು ತುಂಬಿತು, ಎಸರು ಹೆಚ್ಚಾಗಿ ಮುದ್ದೆ ಅಂಬಲಿಯಾಯಿತು.

ಮಾರನೆಯ ದಿನವೇ ಕೇಳಿದಳು: ‘ಏನಂದ್ರೆ, ಕಾಶಿಗೆ ಹೋಗಾಣ.’

‘ಯಾವ ಕಾಶಿನೇ? ಅದು ವಯಸ್ಸಾದೋರು ಹೋಗೋ ಜಾಗ. ಬನಶಂಕರಿ ಅಮ್ಮ ಇಲ್ಲೇ ಅವಳೆ, ರಾಹುಕಾಲದಲ್ಲಿ ಹೋಗಿ ನಿಂಬೆಹಣ್ಣಿನ ದೀಪ ಹಚ್ಚಿ ಬಾ. ಅಂಗಡಿ ಯಾರ್ ನೋಡ್ಕಂತಾರೆ?’

ಹೇಳಬಹುದಿತ್ತಲ್ಲ, ಹೀಗೀಗೆ, ನನ್ನ ಆಸೆ ಇದು ಅಂತ? ಹೇಳಬಹುದಿತ್ತು. ಆದರೆ ಮೂವತ್ತು ವರ್ಷ ಹತ್ತು ಹೆಜ್ಜೆ ಹಿಂದೆ ನಡೆದವಳಿಗೆ ಅಂಥ ಮಾತು ನಾಲಗೆ ಮೇಲೆ ಬರುತ್ತದೆಯೇ? ಹೇಳಿದರೆ ಅವನು ನಗಬಹುದು. ನಕ್ಕುಬಿಟ್ಟರೆ ಆಮೇಲೆ ಆಸೆ ಪಡುವುದಕ್ಕೂ ಏನೂ ಉಳಿಯುವುದಿಲ್ಲ. ದೇವರ ಹೆಸರಲ್ಲಿ ಕರೆದುಕೊಂಡು ಹೋಗಿ, ದೋಣಿಯಲ್ಲಿ ಕೂರಿಸಿ, ಶಾಸ್ತ್ರ ಅಂತ ಪುರೋಹಿತರ ಬಾಯಲ್ಲೇ ಹೇಳಿಸಿದರೆ, ಆಗ ಮಾಡಲೇಬೇಕಾಗುತ್ತದೆ. ಮುನಿರತ್ನಮ್ಮನ ಲೆಕ್ಕಾಚಾರ ಅದು. ಜಾಣೆ, ಆದರೆ ಕಾಯುವ ಜಾಣತನ.

ಕಾದಳು. ಒಂದು ವರ್ಷ ಬೋರ್‌ವೆಲ್ ಬತ್ತಿತು. ಇನ್ನೊಂದು ವರ್ಷ ಮಗಳು ಸೌಮ್ಯಳ ಮದುವೆ. ಪಕ್ಕದ ಚಿಕ್ಕಲಸಂದ್ರಕ್ಕೇ ಕೊಟ್ಟರೂ ಬಾಣಂತನ, ನಾಮಕರಣ ಅಂತ ಎರಡು ವರ್ಷ ಕಳೆಯಿತು. ಜಯನಗರ ಫೋರ್ತ್ ಬ್ಲಾಕಿನ ಯಾತ್ರಾ ಕಂಪನಿಯವರು ಪ್ರತಿ ದಸರೆಗೆ ಹಂಚುವ ‘ಕಾಶಿ–ಪ್ರಯಾಗ–ಗಯಾ’ ಅನ್ನುವ ಹಳದಿ ಕಾಗದ ಆಕೆಯ ಸೀರೆ ಪೆಟ್ಟಿಗೆಯಲ್ಲಿ ನಾಲ್ಕಾಯಿತು, ಐದಾಯಿತು. ಶನಿವಾರ ತಪ್ಪದೆ ಎಣ್ಣೆ ಹಚ್ಚುತ್ತಿದ್ದಳು. ನೆತ್ತಿಯಲ್ಲಿ ಬಿಳಿ ಕೂದಲು ಕಂಡಾಗಲೆಲ್ಲ ಎದೆ ಹಾರುತ್ತಿತ್ತು. ಬಾಚಣಿಗೆಗೆ ಬಂದ ಉದುರುಗೂದಲನ್ನು ಬೆರಳಿಗೆ ಸುತ್ತಿಕೊಂಡು, ಇನ್ನೊಂದೆರಡು ವರ್ಷ ನಿಲ್ಲಪ್ಪಾ, ಹೋಗಬೇಡ ಅಂತ ಬೇಡಿಕೊಳ್ಳುತ್ತಿದ್ದಳು.

ತೊಂಬತ್ತೊಂಬತ್ತರಲ್ಲಿ ಕಮಲಾದೇವಿಯ ಯಜಮಾನರು ತೀರಿಕೊಂಡರು. ಹದಿನೈದು ದಿನ ಕಳೆದ ಮೇಲೆ ಅವರ ಪಕ್ಕ ಕೂತಿದ್ದಾಗ, ಕಮಲಾದೇವಿ ತಮ್ಮಷ್ಟಕ್ಕೆ ತಾವೇ ಹೇಳಿಕೊಳ್ಳುವ ಹಾಗೆ ಹೇಳಿದರು: ‘ನಲವತ್ತೊಂದು ವರ್ಷ ಸಂಸಾರ ಮಾಡಿದೆ ರತ್ನಮ್ಮ. ಕಣ್ಣು ಮುಚ್ಚಿದ್ರೆ ಆ ದೋಣಿ ಒಂದೇ ಕಾಣೋದು. ಬಾಚಣಿಗೆ ಹಿಡ್ಕೊಂಡು ಒದ್ದಾಡ್ತಿದ್ರಲ್ಲ, ಅದು.’ ಮುನಿರತ್ನಮ್ಮ ಅಂದಿನಿಂದ ಕಾಶಿಯ ಮಾತನ್ನು ವಾರಕ್ಕೊಂದು ಸಲ ಎತ್ತತೊಡಗಿದಳು. ಶಾಮಣ್ಣ ರೇಗಿ, ‘ನಿನಗೇನು ದೆವ್ವ ಮೆಟ್ಕಂಡೈತಾ?’ ಅಂದ.

ಎರಡು ಸಾವಿರದ ಎರಡರ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಅಂಗಡಿಯಲ್ಲಿ ಶಾಮಣ್ಣ ಎದೆ ಹಿಡಿದುಕೊಂಡು ಸಿಮೆಂಟು ಮೂಟೆಯ ಮೇಲೆ ಕುಸಿದ. ಜಯನಗರದ ಆಸ್ಪತ್ರೆಗೆ ಸೇರಿಸಿದರು. ಡಾಕ್ಟರು ಸೌಮ್ಯಳನ್ನೂ ಅಳಿಯನನ್ನೂ ಪಕ್ಕಕ್ಕೆ ಕರೆದು, ಮೂರು ದಿನ ಏನೂ ಹೇಳುವ ಹಾಗಿಲ್ಲ ಅಂದರು. ಮುನಿರತ್ನಮ್ಮ ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದವಳು ಎದ್ದು, ಗೋಡೆ ಕಡೆ ತಿರುಗಿ, ಮನೆದೇವರು ತಿರುಪತಿ ತಿಮ್ಮಪ್ಪನನ್ನು ನೆನೆದಳು. ಏನು ಕೊಡುವುದು? ಓಲೆ ಕೊಡಬಹುದು, ಬಳೆ ಕೊಡಬಹುದು, ಅದೆಲ್ಲ ಇವತ್ತು ಹೋದರೆ ನಾಳೆ ಬರುವಂಥದ್ದು. ಗಂಡನ ಜೀವ ಕೇಳುತ್ತಿರುವಾಗ ಅಷ್ಟರಲ್ಲಿ ಮುಗಿಸಿದರೆ ತಿಮ್ಮಪ್ಪ ಏನೆಂದುಕೊಂಡಾನು? ಯೋಚನೆ ಮುಗಿಯುವ ಮುಂಚೆಯೇ ಬಾಯಿಂದ ಬಂದುಬಿಟ್ಟಿತು: ‘ಪೂರ್ತಿ ಮುಡಿ ಕೊಡ್ತೀನಿ ಕಣಪ್ಪಾ, ಅವ್ರನ್ನ ಉಳಿಸ್ಕೊಡು.’

ಅಲ್ಲೇ ಒಂದು ರೂಪಾಯಿ ನಾಣ್ಯವನ್ನು ಸೆರಗಿನ ತುದಿಗೆ ಕಟ್ಟಿದಳು, ಸಂಜೆ ಮನೆಗೆ ಬಂದು ಅರಿಶಿನದ ಬಟ್ಟೆಗೆ ಬದಲಾಯಿಸಿ ದೇವರ ಗೂಡಿನಲ್ಲಿಟ್ಟಳು. ಹರಕೆಗೆ ಮುಡುಪು ಬಿತ್ತು ಅಂದರೆ ಆಯಿತು, ಅದನ್ನು ತೀರಿಸದೆ ಬೇರೆ ದೇವರ ಹೊಸ್ತಿಲು ತುಳಿಯುವಂತಿಲ್ಲ. ಪ್ರಯಾಗದ ನೆನಪು ಆ ಹೊತ್ತಿನಲ್ಲಿ ಆಕೆಗೆ ಒಂದು ಚೂರೂ ಬರಲಿಲ್ಲ.

ಶಾಮಣ್ಣ ಉಳಿದ. ಹದಿನೊಂದನೇ ದಿನ ಮನೆಗೆ ಬಂದ. ಅಂಗಡಿಯನ್ನು ಅಳಿಯನಿಗೆ ವಹಿಸಿ ಜಗಲಿಯ ಮೇಲೆ ಕೂತು ರಸ್ತೆ ನೋಡುತ್ತಿದ್ದ. ಒಂದು ದಿನ ಅವನೇ ಆಟೋ ಮಾಡಿಸಿಕೊಂಡು ಎಲ್ಲಿಗೋ ಹೋಗಿ ಬಂದು, ಹಳದಿ ಕಾಗದ ಒಂದನ್ನು ಹೆಂಡತಿಯ ಮುಂದೆ ಇಟ್ಟ.

‘ಕಾರ್ತೀಕಕ್ಕೆ ಹೊಂಟೈತೆ. ಇಬ್ರಿಗೂ ಬರ್ಸಿದೀನಿ. ನಾನ್ ಸತ್ತಿದ್ರೆ ನೀನು ಕಾಶಿ ನೋಡ್ದಂಗೇ ಹೋಗ್ತಿದ್ದೆ ಅಂತ ಆಸ್ಪತ್ರೇಲಿ ಮಲಗಿದ್ದಾಗ ಅನ್ನಿಸ್ತು. ದೇವ್ರ ಗೂಡಲ್ಲಿ ಮುಡುಪು ನೋಡ್ದೆ, ಅದಕ್ಕೂ ಮುಂಚೆ ತಿರುಪ್ತಿಗೆ ಹೋಗಿ ನಿನ್ನ ಹರಕೆ ತೀರಿಸ್ಬಿಡಾಣ. ಮನೆದೇವ್ರು ಮೊದ್ಲು.’

ಮುನಿರತ್ನಮ್ಮನಿಗೆ ಮೊದಲು ಸಂತೋಷವಾಯಿತು, ಅಂತಿಂಥ ಸಂತೋಷವಲ್ಲ. ಒಳಗೆ ಹೋಗಿ ಸ್ಟವ್ ಹಚ್ಚಿದಳು, ಕಾಫಿಗೆ ಹಾಲಿಟ್ಟಳು. ಹಾಲು ಕಾಯುವಷ್ಟರಲ್ಲಿ ತಲೆಗೆ ಹೊಳೆಯಿತು. ಮೊದಲು ತಿರುಪತಿ. ಆಮೇಲೆ ಕಾಶಿ. ಪ್ರಯಾಗದ ದೋಣಿಯಲ್ಲಿ ಕೂರುವ ಹೊತ್ತಿಗೆ ತಲೆಯ ಮೇಲೆ ಬಾಚುವುದಕ್ಕೆ ಏನಿರುತ್ತದೆ? ಹಾಲು ಉಕ್ಕಿ ಸ್ಟವ್ ಆರಿಹೋಯಿತು, ಆಕೆ ನೋಡುತ್ತ ನಿಂತೇ ಇದ್ದಳು.

ಮಹಡಿಗೆ ಓಡಿದಳು. ಕಮಲಾದೇವಿಗೆ ಅವತ್ತು ಎಲ್ಲ ಹೇಳಿದಳು, ಏಳು ವರ್ಷದ ಆಸೆ, ಆಸ್ಪತ್ರೆಯ ಹರಕೆ, ಎಲ್ಲ. ಕಮಲಾದೇವಿ ಕೇಳಿ, ಕಣ್ಣೊರೆಸಿಕೊಂಡು, ಟೀಚರಮ್ಮನ ಗತ್ತಿನಲ್ಲಿ ದಾರಿ ಹುಡುಕಿದರು.

‘ಅಯ್ಯೋ, ಇಷ್ಟೇ ತಾನೆ? ತಿರುಪತೀಲಿ ಹೆಂಗಸ್ರು ಮೂರು ಕತ್ತರಿ ಕೊಡ್ತಾರಲ್ರೀ. ತುದೀಲಿ ಮೂರು ಸಲ ಕತ್ತರಿ ಆಡಿಸಿದ್ರೆ ಹರಕೆ ಸಂದ ಹಾಗೆ. ಎಷ್ಟೋ ಜನ ಮಾಡ್ತಾರೆ.’

‘ಪೂರ್ತಿ ಮುಡಿ ಅಂದ್ಬಿಟ್ಟಿದೀನಿ ಟೀಚರಮ್ಮ.’

‘ಮನಸ್ಸಲ್ಲಿ ಅಂದ್ರೋ, ಬಾಯಲ್ಲಿ ಅಂದ್ರೋ?’

‘ಬಾಯಲ್ಲೇ ಅಂದೆ. ಮುಡುಪೂ ಕಟ್ಟಿದೆ.’

ಕಮಲಾದೇವಿ, ‘ಹಾಗಾದ್ರೆ ಮೊದ್ಲು ಕಾಶಿಗೆ ಹೋಗಿ ಬನ್ನಿ. ತಿಮ್ಮಪ್ಪ ಒಂದು ತಿಂಗಳು ಕಾಯ್ತಾನೆ ಬಿಡಿ. ನಮ್ಮ ತಾಪತ್ರಯ ಅವನಿಗೆ ಗೊತ್ತಿರಲ್ವಾ?’ ಅಂದರು.

ಮುನಿರತ್ನಮ್ಮನಿಗೆ ಹೋದ ಜೀವ ಬಂದಂತಾಯಿತು. ಗಂಡನ ಹತ್ತಿರ ತಿರುಪತಿಯನ್ನು ಸಂಕ್ರಾಂತಿಗೆ ಇಟ್ಟುಕೊಳ್ಳೋಣ ಅಂದಳು, ಮಳೆ ಅಂದಳು, ಬೆಟ್ಟದ ಮೇಲೆ ಚಳಿ ಅಂದಳು, ನಿಮ್ಮ ಎದೆಗೆ ಆಗದು ಅಂದಳು. ಹೆಂಡತಿ ತನ್ನ ಎದೆಯ ಮೇಲೆ ಇಟ್ಟ ಕಾಳಜಿಗೆ ಶಾಮಣ್ಣ ಕರಗಿ ಒಪ್ಪಿಕೊಂಡೂ ಬಿಟ್ಟ. ಆ ಶನಿವಾರ ಆಕೆ ಎಣ್ಣೆ ಹಚ್ಚಿಕೊಂಡದ್ದನ್ನು ನೋಡಬೇಕಿತ್ತು! ಮಹಡಿಯ ಬಿಸಿಲಲ್ಲಿ ಕೂತು ಹದಿನೆಂಟರ ಹುಡುಗಿಯ ಹಾಗೆ ಹಾಡು ಗುನುಗುತ್ತಿದ್ದಳು.

ಸೋಮವಾರ ಸೌಮ್ಯಳ ಮಗುವಿಗೆ ಜ್ವರ ಬಂತು. ಮಂಗಳವಾರ ಇಳಿಯಲಿಲ್ಲ. ಬುಧವಾರ ಮೈ ಸುಡುವ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಸೌಮ್ಯ, ‘ಏನಾಗ್ತಿದೆಯೋ ಗೊತ್ತಾಗ್ತಿಲ್ಲ ಕಣಮ್ಮಾ’ ಅಂತ ಅತ್ತಾಗ, ಮುನಿರತ್ನಮ್ಮನಿಗೆ ಮಾತ್ರ ಎಲ್ಲ ಗೊತ್ತಾಯಿತು. ಮಗುವಿನ ಜ್ವರಕ್ಕೂ ಆಕೆಯ ಜಡೆಗೂ ಏನು ಸಂಬಂಧ ಅಂತ ಓದಿದವರು ಕೇಳಬಹುದು. ಡಾಕ್ಟರು ವೈರಲ್ ಜ್ವರ ಅಂದರು, ಶುಕ್ರವಾರ ಬಿಟ್ಟೂ ಹೋಯಿತು. ಆದರೆ ಶುಕ್ರವಾರದ ಹೊತ್ತಿಗೆ ಮುನಿರತ್ನಮ್ಮ ತಿರುಪತಿಗೆ ಬಸ್ ಟಿಕೆಟ್ ಮಾಡಿಸಿಯಾಗಿತ್ತು. ‘ಅವ್ನಿಗೆ ಕೊಟ್ಟಿದ್ದನ್ನ ಇನ್ನೊಂದು ಕಡೆ ಖರ್ಚು ಮಾಡಾಕೆ ಹೊಂಟಿದ್ದೆ ನೋಡಿ,’ ಅಂತ ಕಮಲಾದೇವಿಗೆ ಹೇಳಿ ಗಲ್ಲ ಗಲ್ಲ ಬಡಿದುಕೊಂಡಳು.

ತಿರುಮಲೆಯ ಕಲ್ಯಾಣಕಟ್ಟೆಯಲ್ಲಿ ಮುಡಿ ತೆಗೆಯುವವನು ಆಕೆಯ ಜಡೆ ಬಿಚ್ಚಿ ನೋಡಿ, ಒಂದು ಗಳಿಗೆ ಕತ್ತಿ ಪಕ್ಕಕ್ಕಿಟ್ಟ. ‘ಮೂಡು ಕತ್ತೆರಲಾ ಅಮ್ಮಾ?’ ಅಂತ ತೆಲುಗಿನಲ್ಲಿ ಕೇಳಿದ. ಮೂರು ಕತ್ತರಿಯಾ ಅಂತ. ದೇವರೇ ಕೊನೆಯ ಸಲ ಕೇಳುತ್ತಿದ್ದಾನೆ ಅನ್ನಿಸಿತು ಆಕೆಗೆ. ಹೌದು ಅಂದುಬಿಡುವುದಕ್ಕೆ ಬಾಯಿ ತೆರೆದಳು. ಗಂಡಸರ ಸಾಲಿನ ಆಚೆ ಶಾಮಣ್ಣ ಕಂಬಕ್ಕೆ ಒರಗಿ ನಿಂತಿದ್ದ, ಕಟ್ಟೆಯ ನಾಲ್ಕು ಮೆಟ್ಟಿಲು ಹತ್ತಿದ್ದಕ್ಕೇ ಇನ್ನೂ ಏದುಸಿರು ಬಿಡುತ್ತಿದ್ದ. ‘ಪೂರ್ತಿ,’ ಅಂದಳು ಮುನಿರತ್ನಮ್ಮ. ತಲೆ ಬಗ್ಗಿಸಿ ಕಣ್ಣು ಮುಚ್ಚಿಕೊಂಡಳು. ತಣ್ಣೀರು ಬಿತ್ತು, ಕತ್ತಿ ಆಡಿತು, ಎರಡು ನಿಮಿಷದಲ್ಲಿ ಎಲ್ಲ ಮುಗಿದುಹೋಯಿತು. ಬೋಳುತಲೆಗೆ ಗಂಧ ಹಚ್ಚಿಕೊಂಡು ದರ್ಶನಕ್ಕೆ ನಿಂತಾಗ ಆಕೆ ತಿಮ್ಮಪ್ಪನನ್ನು ಏನೂ ಕೇಳಲಿಲ್ಲ.

ಕಾರ್ತೀಕದಲ್ಲಿ ಮೂವತ್ತು ಜನರ ಗುಂಪಿನೊಂದಿಗೆ ಗಂಡಹೆಂಡತಿ ರೈಲು ಹತ್ತಿದರು. ಹೋಗುವುದಿಲ್ಲ ಅನ್ನೋಣವೆಂದರೆ ಏಳು ವರ್ಷ ಪ್ರಾಣ ತಿಂದವಳು ಯಾವ ಮುಖದಲ್ಲಿ ಹೇಳುವುದು? ಕಾಶಿ ಕಮಲಾದೇವಿ ಹೇಳಿದ ಹಾಗೇ ಇತ್ತು. ಗಲ್ಲಿ, ಬಸವ, ಹಾಲಿನವನು, ಎಲ್ಲವೂ. ಮುನಿರತ್ನಮ್ಮ ಬಗ್ಗಿ ವಿಶ್ವನಾಥನನ್ನು ಮುಟ್ಟಿದಳು. ಒದ್ದೆ ಹೂವಿನ ಕೆಳಗೆ ತಣ್ಣನೆಯ ಕಲ್ಲು ಕೈಗೆ ಸಿಕ್ಕಾಗ ಮೈ ಜುಮ್ಮೆಂದಿತು. ಅನ್ನಪೂರ್ಣೆಯ ಮುಂದೆ ಸೆರಗೊಡ್ಡಿ ಅಕ್ಕಿ ತೆಗೆದುಕೊಂಡಳು. ಕಾಲಭೈರವನ ಗುಡಿಯಲ್ಲಿ ಬೆನ್ನಿಗೆ ಏಟು ಬಿದ್ದಾಗ ಶಾಮಣ್ಣ ‘ಅಬ್ಬಾ’ ಅಂದದ್ದಕ್ಕೆ ನಕ್ಕಳು. ಚೆನ್ನಾಗಿತ್ತು. ಎಲ್ಲ ಚೆನ್ನಾಗಿತ್ತು, ಆದರೆ ನಾಳಿದ್ದು ಪ್ರಯಾಗ ಅಂತ ಯಾರಾದರೂ ಅಂದಾಗಲೆಲ್ಲ ತಲೆಯ ಮೇಲಿನ ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಳ್ಳುತ್ತಿದ್ದಳು.

ವಿಶಾಲಾಕ್ಷಿಯ ಗುಡಿಗೆ ಹೋಗುವ ಗಲ್ಲಿಯಲ್ಲಿ ಅದು ನಡೆಯಿತು. ಯಾವುದೋ ಸೀಮೆಯಿಂದ ಬಂದಿದ್ದ ಹೆಂಗಸೊಬ್ಬಳು ಬಾಗಿಲ ಪಕ್ಕ ನಿಂತು, ಬಂದ ಮುತ್ತೈದೆಯರಿಗೆಲ್ಲ ಹಣೆಗೆ ಕುಂಕುಮ ಇಟ್ಟು ಕೈಗೆರಡು ಗಾಜಿನ ಬಳೆ ಕೊಡುತ್ತಿದ್ದಳು, ಏನೋ ಹರಕೆಯಿರಬೇಕು. ಗುಂಪಿನ ಹೆಂಗಸರೆಲ್ಲ ಸಾಲಾಗಿ ತೆಗೆದುಕೊಂಡರು. ಮುನಿರತ್ನಮ್ಮನ ಸರದಿ ಬಂತು. ಚಳಿಗೆ ಶಾಲು ಹೊದ್ದು ಕತ್ತಿನ ತಾಳಿ, ಕೈಬಳೆ ಎಲ್ಲ ಮುಚ್ಚಿತ್ತು, ಗಂಗೆಯಲ್ಲಿ ಮುಳುಗಿ ಎದ್ದು ಹಣೆಯ ಕುಂಕುಮ ತೊಳೆದುಹೋಗಿತ್ತು, ತಲೆಯ ಮೇಲಿನ ಸೆರಗು ಜಾರಿತ್ತು. ಬೋಳುತಲೆಯನ್ನು ನೋಡಿದ ಆ ಹೆಂಗಸು ಎತ್ತಿದ ಕೈಯನ್ನು ಹಾಗೇ ಹಿಂದಕ್ಕೆಳೆದುಕೊಂಡಳು, ಪಾಪ ಅನ್ನುವ ಹಾಗೆ ತಲೆ ಆಡಿಸಿ, ಹಿಂದಿದ್ದವಳ ಕಡೆ ತಿರುಗಿದಳು. ಮುನಿರತ್ನಮ್ಮ ಚಾಚಿದ ಕೈಯನ್ನು ಮಡಚಿಕೊಳ್ಳುವುದೂ ತೋಚದೆ ನಿಂತಳು. ಯಾವ ಜೀವ ಉಳಿಯಲಿ ಅಂತ ಜಡೆ ಕೊಟ್ಟಳೋ ಆ ಜೀವ ಹೋಯಿತೆಂದು ಈ ಊರು ಅಂದುಕೊಂಡಿತ್ತು.

ಶಾಮಣ್ಣ ಎಂದಿನಂತೆ ಹತ್ತು ಹೆಜ್ಜೆ ಮುಂದಿದ್ದ. ಹಿಂದೆ ಸದ್ದಿಲ್ಲದ್ದು ಕಂಡು ತಿರುಗಿ ನೋಡಿದ. ನೋಡಿದವನಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಜನರನ್ನು ತಳ್ಳಿಕೊಂಡು ಬಂದ, ಹೆಂಡತಿಯ ಭುಜ ಹಿಡಿದುಕೊಂಡ, ಎದೆ ತಟ್ಟಿಕೊಂಡು ಕೂಗಿದ:

‘ಏನಮ್ಮಾ! ಇಲ್ಲಿ ಗುಂಡುಕಲ್ಲಿನಂಗೆ ನಿಂತಿದೀನಿ, ನಾನ್ ಕಾಣಾಕಿಲ್ವಾ ನಿನಗೆ? ಬದುಕಿದೀನಿ ಕಣಮ್ಮಾ, ಬದುಕಿದೀನಿ! ಇವಳೇ ಬದುಕ್ಸಿದ್ದು!’

ಆ ಹೆಂಗಸಿಗೆ ಕನ್ನಡ ಅರ್ಥವಾಗಲಿಲ್ಲ, ಶಾಮಣ್ಣ ಮಾತ್ರ ಚೆನ್ನಾಗಿ ಅರ್ಥವಾದ. ಗಾಬರಿಯಲ್ಲಿ ಮುನಿರತ್ನಮ್ಮನ ಹಣೆಯ ತುಂಬ ಕುಂಕುಮ ಮೆತ್ತಿ, ಎರಡರ ಬದಲು ಆರು ಬಳೆ ತೊಡಿಸಿ, ಕಾಲಿಗೂ ಬಗ್ಗಿದಳು. ಅಲ್ಲಿಂದ ಮುಂದೆ ಶಾಮಣ್ಣ ಹೆಂಡತಿಯ ಪಕ್ಕದಲ್ಲೇ ನಡೆದ. ಆ ಗಲ್ಲಿಯಲ್ಲಿ ಇಬ್ಬರು ಪಕ್ಕಪಕ್ಕ ನಡೆದರೆ ಎದುರಿಂದ ಬರುವವರಿಗೆ ಜಾಗವೇ ಇರುವುದಿಲ್ಲ. ಬರುವವರ ಜೊತೆಗೆಲ್ಲ ಜಗಳವಾಡುತ್ತ ನಡೆದ.

ಪ್ರಯಾಗದಲ್ಲಿ ಬೆಳಗಿನ ಬಿಸಿಲಿತ್ತು. ದೋಣಿ ಸಂಗಮಕ್ಕೆ ಬಂದು ನಿಂತಿತು, ಒಂದು ಕಡೆ ಬೂದುಬಣ್ಣದ ನೀರು, ಇನ್ನೊಂದು ಕಡೆ ಹಸಿರು. ತಕ್ಕಮಟ್ಟಿಗೆ ಕನ್ನಡ ಬರುತ್ತಿದ್ದ ಅಲ್ಲಿನ ಪುರೋಹಿತರು ದಂಪತಿಗಳನ್ನೆಲ್ಲ ಜೋಡಿಜೋಡಿಯಾಗಿ ಕೂರಿಸುತ್ತ ಬಂದರು. ಶಾಮಣ್ಣನ ಹತ್ತಿರ ಬಂದವರು ಮುನಿರತ್ನಮ್ಮನ ತಲೆ ನೋಡಿ, ‘ನಿಮಗೆ ಸ್ನಾನ ಮಾತ್ರ,’ ಅಂದು ಮುಂದೆ ಹೋದರು. ಎದುರಿಗೆ ಪದ್ಮನಾಭನಗರದ ಬ್ಯಾಂಕ್ ಮ್ಯಾನೇಜರೊಬ್ಬರು ಬಾಚಣಿಗೆ ಹಿಡಿದು, ಹೆಂಡತಿಯ ಹಿಂದೆ ಕೂತು, ಗಂಟು ಬಿಡಿಸುವುದಕ್ಕೆ ಹೆಣಗುತ್ತಿದ್ದರು. ‘ಮೆತ್ತಗೆ ರೀ!’ ಅಂದರು ಹೆಂಡತಿ. ದೋಣಿಯವರೆಲ್ಲ ನಕ್ಕರು.

ಮುನಿರತ್ನಮ್ಮ ನೀರಿನ ಕಡೆ ಮುಖ ತಿರುಗಿಸಿಕೊಂಡಳು. ನೋಡಬಾರದು ಅಂದುಕೊಂಡಷ್ಟೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಮ್ಯಾನೇಜರು ಕತ್ತರಿಸಿದ ತುದಿ ಅರಿಶಿನದ ನೀರಲ್ಲಿ ಒಂದು ಸುತ್ತು ಸುತ್ತಿ ಸೀದಾ ತಳಕ್ಕೆ ಹೋಯಿತು. ಆಗ ಆಕೆಗೆ ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು, ಮಗುವಿನ ಹಾಗೆ, ಬಿಕ್ಕಿ ಬಿಕ್ಕಿ ಅತ್ತಳು.

ಶಾಮಣ್ಣ ಹೆಂಡತಿಯನ್ನು ನೋಡಿದ. ಎದುರಿಗೆ ಹೆಂಡತಿಯ ಜಡೆಯ ಹೂ ಸರಿಮಾಡುತ್ತಿದ್ದ ಮ್ಯಾನೇಜರನ್ನು ನೋಡಿದ. ಮತ್ತೆ ಹೆಂಡತಿಯನ್ನು ನೋಡಿದ.

‘ಇದಕ್ಕಾ?’ ಅಂದ. ‘ಏಳು ವರ್ಷ ಕಾಶಿ ಕಾಶಿ ಅಂತ ಬಡ್ಕಂತಿದ್ದದ್ದು, ಇದಕ್ಕಾ?’

ಆಕೆ ಹೌದೆಂದು ತಲೆಯಾಡಿಸಿದಳು.

‘ಬಾಯಿ ಬಿಟ್ಟು ಹೇಳ್ಬಾರದಿತ್ತಾ?’

‘ಹೇಳಿದ್ರೆ ಏನ್ ಮಾಡ್ತಿದ್ರಿ?’

ಶಾಮಣ್ಣ ಸುಳ್ಳು ಹೇಳಲಿಲ್ಲ. ‘ನಗ್ತಿದ್ದೆ,’ ಅಂದ.

ಪುರೋಹಿತರ ಮಂತ್ರ ನಡೆಯುತ್ತಿತ್ತು, ಒಂದು ಜೋಡಿ ಎದ್ದು ಇನ್ನೊಂದು ಜೋಡಿ ಕೂತಿತು. ಆಮೇಲೆ ಅವನು ಅಷ್ಟೂ ಜನರ ಮುಂದೆ ಕೈ ಎತ್ತಿ ಹೆಂಡತಿಯ ತಲೆಯ ಮೇಲಿನ ಸೆರಗು ಸರಿಸಿದ. ಆಗತಾನೆ ಮೊಳೆಯುತ್ತಿದ್ದ, ಅಕ್ಕಿಕಾಳಿನಷ್ಟೂ ಉದ್ದವಿಲ್ಲದ ಕೂದಲ ಮೇಲೆ ಸಿಮೆಂಟಿನಲ್ಲಿ ಒರಟಾದ ಅಂಗೈಯನ್ನು ಮೆಲ್ಲಗೆ ಆಡಿಸಿದ. ನೆತ್ತಿಯಿಂದ ಕತ್ತಿನವರೆಗೆ, ಮತ್ತೆ ನೆತ್ತಿಯಿಂದ ಕತ್ತಿನವರೆಗೆ.

‘ಮೊದ್ಲಿನಂಗೆ ಬೆಳೆಯಾಕೆ ಎಷ್ಟು ದಿನ ಬೇಕು?’ ಅಂತ ಕೇಳಿದ.

‘ದಿನ ಎಲ್ಲಿ ಬಂತು? ಈ ವಯಸ್ಸಿಗೆ ಸೊಂಟಕ್ಕೆ ಬರಾಕೇ ಹತ್ತು ವರ್ಷನಾದ್ರೂ ಬೇಕು.’

‘ಸರಿ ಹಂಗಾದ್ರೆ,’ ಅಂದ ಶಾಮಣ್ಣ. ‘ಹತ್ತು ವರ್ಷ ಇರ್ತೀನಿ ಬಿಡು.’